ಮೂರು ಸಾಲಿನ ಪ್ರಾಜೆಕ್ಟು

ವರ್ಷದಲ್ಲಿ ಎರಡು ತಿಂಗಳು ನಮ್ಮ ಮನೆಗೆ ಬರುವ ಅತಿಥಿಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರುತ್ತದೆ. ಆಗ ಹಬ್ಬವೂ ಇರುವುದಿಲ್ಲ, ಹುಣ್ಣಿಮೆಯೂ ಇರುವುದಿಲ್ಲ. ಬರುವವರೆಲ್ಲ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು. ಚಪ್ಪಲಿಯನ್ನು ಹೊಸಲಿನಾಚೆ ಬಿಟ್ಟು, ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಬಹು ವಿನಯದಿಂದ ಕುಡಿದು, ಲೋಟವನ್ನು ಕೆಳಗಿಟ್ಟ ಮೇಲೆ ಎಲ್ಲರದೂ ಒಂದೇ ಮಾತು: "ಸಾರ್, ಒಂದು ಪ್ರಾಜೆಕ್ಟ್ ಕೊಡಿ." ಪಕ್ಕದ ಮನೆಯವರು ಬಂದು ಒಂದು ಲೋಟ ಸಕ್ಕರೆ ಕೇಳುತ್ತಾರಲ್ಲ, ಅದೇ ಧಾಟಿ. ಇದ್ದರೆ ಕೊಡಬೇಕು, ಇಲ್ಲದಿದ್ದರೆ ಅಂಗಡಿಯಿಂದ ತರಿಸಿಯಾದರೂ ಕೊಡಬೇಕು.

ನಾನು ಜೀವಶಾಸ್ತ್ರದ ಅಧ್ಯಾಪಕ. ಗಿಡಗಳ ಎಲೆ ಎಣಿಸುತ್ತ ವೃತ್ತಿಯನ್ನು ಆರಂಭಿಸಿದವನು ಕಾಲಧರ್ಮಕ್ಕೆ ತಲೆಬಾಗಿ ಗಣಕಯಂತ್ರದ ಮುಂದೆ ಕುಳಿತೆ. ಆದಕಾರಣ ನಮ್ಮೂರಿನ ಜೀವಶಾಸ್ತ್ರದವರು ನನ್ನನ್ನು ಗಣಕದವನೆಂದೂ, ಗಣಕಶಾಸ್ತ್ರದವರು ಜೀವಶಾಸ್ತ್ರದವನೆಂದೂ ಭಾವಿಸಿ, ತಮ್ಮಲ್ಲಿಗೆ ಬಂದ ಹುಡುಗರನ್ನು ಧಾರಾಳವಾಗಿ ನನ್ನ ಮನೆಗೆ ಅಟ್ಟುತ್ತಾರೆ. ಈ ಎರಡು ಶಾಸ್ತ್ರಗಳು ಕೂಡಿ ಹುಟ್ಟಿದ ವಿದ್ಯೆಗೆ ಬಯೋಇನ್ಫರ್ಮ್ಯಾಟಿಕ್ಸ್ ಎಂದು ಹೆಸರು. ಕನ್ನಡದಲ್ಲಿ ಜೀವಮಾಹಿತಿಶಾಸ್ತ್ರ ಎನ್ನಬಹುದು. ಹೆಸರು ಉದ್ದವಾಯಿತೆಂದು ಹೆದರಬೇಕಾಗಿಲ್ಲ, ವಿದ್ಯೆ ಅದಕ್ಕಿಂತ ಸರಳವಾದದ್ದು.

ಜೀವಿಯ ಒಂದೊಂದು ಕಣದೊಳಗೂ ಆ ಜೀವಿಯ ಬರಹವೊಂದಿದೆ. ಅದರ ವರ್ಣಮಾಲೆ ನಮ್ಮದರಂತೆ ಸಮೃದ್ಧವಾದುದಲ್ಲ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ. ಒತ್ತಿಲ್ಲ, ದೀರ್ಘವಿಲ್ಲ, ಪೂರ್ಣವಿರಾಮವಂತೂ ಇಲ್ಲವೇ ಇಲ್ಲ. ಮನುಷ್ಯನ ಬರಹದಲ್ಲಿ ಇಂಥ ಅಕ್ಷರಗಳು ಸುಮಾರು 300 ಕೋಟಿ. ನಮ್ಮನ್ನೆಲ್ಲ ಮನೆಯಲ್ಲಿ ಕೂಡಿಹಾಕಿದ ಕೊರೋನಾ ವೈರಾಣುವಿನದು ಮೂವತ್ತು ಸಾವಿರಕ್ಕೂ ತುಸು ಕಡಿಮೆ. ಅಮೆರಿಕದ ಮಾರ್ಗರೆಟ್ ಡೇಹಾಫ್ ಎಂಬ ವಿದುಷಿ 1965ರಲ್ಲಿ, ಅಷ್ಟು ಹೊತ್ತಿಗೆ ಅಕ್ಷರಕ್ರಮ ತಿಳಿದಿದ್ದ 65 ಪ್ರೋಟೀನುಗಳನ್ನು ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಆಗ ಪುಸ್ತಕ ಸಾಕಾಗಿತ್ತು. ಈಗ ಯಾವ ಮುದ್ರಣಾಲಯವೂ ಸಾಲದು. ಬರಹವೆಲ್ಲ ಗಣಕಗಳಲ್ಲಿದೆ, ಅದನ್ನು ಓದಲು, ಹೋಲಿಸಲು, ತಿದ್ದಲು ಗಣಕಕ್ಕೆ ಪಾಠ ಹೇಳಿಕೊಡುವ ಉಪಕರಣಗಳು ಬೇಕು. ಈ ಉಪಕರಣಗಳಿಗೆ ತಂತ್ರಾಂಶವೆಂದು ಹೆಸರು.

ಇಂಥ ತಂತ್ರಾಂಶಗಳಲ್ಲಿ ಅನೇಕವು ಅರವಟ್ಟಿಗೆಯ ನೀರಿನಂತೆ ಎಲ್ಲರಿಗೂ ಬಿಟ್ಟಿರುವಂಥವು. ಯಾರು ಬೇಕಾದರೂ ಬಳಸಬಹುದು. ಒಳಗಿನ ಬರವಣಿಗೆಯನ್ನು ಓದಬಹುದು. ತಪ್ಪು ಕಂಡರೆ ತಿದ್ದಿ ಕಳುಹಿಸಬಹುದು. ಬಯೋಪರ್ಲ್, ಬಯೋಪೈಥಾನ್, ಬಯೋಜಾವಾ, ಬಯೋರೂಬಿ ಎಂದು ಒಂದೇ ಮನೆತನದ ಹೆಸರಿಟ್ಟುಕೊಂಡ ಸೋದರರಿದ್ದಾರೆ. ಬಯೋಪೈಥಾನ್ ಹುಟ್ಟಿದ್ದು 1999ರಲ್ಲಿ. ಇವರ ಬೆನ್ನಿಗೆ ಓಪನ್ ಬಯೋಇನ್ಫರ್ಮ್ಯಾಟಿಕ್ಸ್ ಫೌಂಡೇಷನ್ ಎಂಬ ಸಂಸ್ಥೆ ನಿಂತಿದೆ. ನೀರು ಪುಕ್ಕಟೆ ನಿಜ; ಆದರೆ ಕೊಡ ತುಂಬುವವರು ಯಾರಾದರೂ ಇರಬೇಕಲ್ಲ! ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಬೇರೆ ಉದ್ಯೋಗ ಮಾಡಿಕೊಂಡಿರುವ ಕೆಲವರು, ರಾತ್ರಿ ಊಟವಾದ ಮೇಲೆಯೋ ಭಾನುವಾರವೋ ಕುಳಿತು ಈ ಕೊಡಗಳನ್ನು ತುಂಬುತ್ತಾರೆ. ಅವರ ಸಂಖ್ಯೆ ಕಡಿಮೆ. ಬಾಯಾರಿದವರ ಸಂಖ್ಯೆ ಬಹಳ.

ನನ್ನ ಮನೆಗೆ ಬರುವ ವಿದ್ಯಾರ್ಥಿಗಳಿಗೂ ಈ ಅರವಟ್ಟಿಗೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹೇಳುತ್ತೇನೆ.

ಪ್ರಾಜೆಕ್ಟ್ ಕೇಳಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಂದು ಶೀರ್ಷಿಕೆಯನ್ನು ತಂದಿರುತ್ತಾರೆ. ಶೀರ್ಷಿಕೆ ಯಾವಾಗಲೂ ಭವ್ಯವಾದುದು. ಕೃತಕ ಬುದ್ಧಿಮತ್ತೆಯಿಂದ ಕ್ಯಾನ್ಸರಿಗೆ ಔಷಧ. ಆಳವಾದ ಕಲಿಕೆಯಿಂದ ಮಧುಮೇಹದ ಭವಿಷ್ಯವಾಣಿ. ನಾಲ್ಕು ತಿಂಗಳ ಅವಧಿ, ಎರವಲು ತಂದ ಲ್ಯಾಪ್‌ಟಾಪು, ಮಧ್ಯೆ ಎರಡು ಕಿರುಪರೀಕ್ಷೆ. ಇಷ್ಟರಲ್ಲಿ ಕ್ಯಾನ್ಸರು ಗುಣವಾಗಬೇಕು. ನಾನು ನಗುವುದಿಲ್ಲ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಣ್ಣ ಶೀರ್ಷಿಕೆ ತರುವವನ ವಿಷಯದಲ್ಲಿಯೇ ನನಗೆ ಸ್ವಲ್ಪ ಅನುಮಾನ. ಆದರೆ ಮಾರ್ಚ್ ತಿಂಗಳ ಹೊತ್ತಿಗೆ ಈ ಭವ್ಯ ಶೀರ್ಷಿಕೆಗಳ ಗತಿ ಏನಾಗುತ್ತದೆಂಬುದನ್ನು ಬಲ್ಲೆ. ಬೆಂಗಳೂರಿನಲ್ಲಿ ಪ್ರಾಜೆಕ್ಟುಗಳನ್ನು ಸಿದ್ಧಪಡಿಸಿ ಮಾರುವ ಅಂಗಡಿಗಳಿವೆ. ಹಣ ತೆತ್ತರೆ ಪ್ರಬಂಧ, ಚಿತ್ರ, ಮೌಖಿಕ ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಶ್ನೆಗಳು, ಅವುಗಳ ಉತ್ತರ ಎಲ್ಲವೂ ಒಟ್ಟಿಗೆ ದೊರೆಯುತ್ತವೆ. ರೆಕ್ಸಿನ್ ಹೊದಿಕೆ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ಪರೀಕ್ಷೆ ಮುಗಿದ ಮೇಲೆ ಅದು ಗ್ರಂಥಾಲಯದ ಅಟ್ಟವನ್ನು ಸೇರುತ್ತದೆ. ಅಲ್ಲಿ ಅದನ್ನು ಆಮೂಲಾಗ್ರವಾಗಿ ಓದುವ ಪ್ರಾಣಿ ಬೆಳ್ಳಿಹುಳು ಒಂದೇ.

ಹೀಗಿರುವಾಗ ನನ್ನ ನೆರವಿಗೆ ಬಂದದ್ದು ಒಂದು ಪಟ್ಟಿ. ಗೂಗಲ್ ಕಂಪನಿಯವರು 2005ರಿಂದ ಬೇಸಗೆಯ ಕಾರ್ಯಕ್ರಮವೊಂದನ್ನು ನಡೆಸಿಕೊಂಡು ಬಂದಿದ್ದಾರೆ. ಮುಕ್ತ ತಂತ್ರಾಂಶಗಳನ್ನು ಕಟ್ಟುವ ಸಂಸ್ಥೆಗಳಲ್ಲಿ ಎಳೆಯರು ಕೆಲವು ತಿಂಗಳು ಕೆಲಸ ಮಾಡುತ್ತಾರೆ. ಅನುಭವಿಗಳೊಬ್ಬರು ಮಾರ್ಗದರ್ಶನ ಮಾಡುತ್ತಾರೆ. ಗೌರವಧನವನ್ನು ಕಂಪನಿ ಕೊಡುತ್ತದೆ. ಮೊದಲು ಇದು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2022ರಿಂದ ಹದಿನೆಂಟು ತುಂಬಿದ ಹೊಸಬರೆಲ್ಲರಿಗೂ ಬಾಗಿಲು ತೆರೆದಿದೆ. ನಾನು ಮೇಲೆ ಹೇಳಿದ ಫೌಂಡೇಷನ್ 2010ರಲ್ಲಿ ಇದರೊಳಕ್ಕೆ ಬಂದಿತು. ಇದರಲ್ಲಿ ಭಾಗವಹಿಸುವವರ ಪೈಕಿ ನಮ್ಮ ದೇಶದ ಹುಡುಗರು ಅನೇಕ ವರ್ಷಗಳಲ್ಲಿ ಸಂಖ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದಾರೆಂಬುದು ಸಂತೋಷದ ಸಂಗತಿ. ಪ್ರತಿ ಸಂಸ್ಥೆಯೂ ವರ್ಷದ ಆರಂಭದಲ್ಲಿ 'ನಮ್ಮಲ್ಲಿ ಇಂತಿಂಥ ಕೆಲಸವಿದೆ' ಎಂದು ಒಂದು ಪಟ್ಟಿಯನ್ನು ಪ್ರಕಟಿಸುತ್ತದೆ. ಕೆಲಸದ ಹೆಸರು, ವಿವರಣೆ, ಅದು ಸುಲಭವೋ ಕಠಿಣವೋ, ಯಾವ ಯಾವ ವಿದ್ಯೆ ಗೊತ್ತಿರಬೇಕು, ಎಷ್ಟು ಗಂಟೆ ಹಿಡಿದೀತು, ಮಾರ್ಗದರ್ಶಕರು ಯಾರು: ಇವೆಲ್ಲ ಅದರಲ್ಲಿ ಇರುತ್ತವೆ. ವಧೂವರರ ಜಾಹೀರಾತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಜಾತಕವೊಂದನ್ನು ಕೇಳುವುದಿಲ್ಲ, ಅಷ್ಟೆ.

ಈ ಪಟ್ಟಿಯನ್ನು ಮೊದಲ ಸಲ ತೋರಿಸಿದಾಗ ಹುಡುಗರ ಮುಖ ಇಳಿದುಹೋಗುತ್ತದೆ. ಅಲ್ಲಿ ಕ್ಯಾನ್ಸರು ಅಪರೂಪ. ಹೊಸ ಬಗೆಯ ಕಡತವೊಂದನ್ನು ಓದುವಂತೆ ಮಾಡಬೇಕು. ಇರುವ ಪರೀಕ್ಷೆಗಳು ಸಾಲವು, ಇನ್ನಷ್ಟು ಬರೆಯಬೇಕು. ಇಂಥ ಭಾಗ ನಿಧಾನವಾಗಿ ಓಡುತ್ತದೆ, ಚುರುಕುಗೊಳಿಸಬೇಕು. ಬಳಸುವ ಕ್ರಮವನ್ನು ವಿವರಿಸಿ ಬರೆಯಬೇಕು. "ಇಷ್ಟೇನಾ ಸಾರ್?" ಎಂದು ಕೇಳುತ್ತಾರೆ. ಅರಮನೆ ಕಟ್ಟಲು ಬಂದವನಿಗೆ ಹಿತ್ತಿಲ ಬಾಗಿಲಿನ ಅಗುಳಿ ಸರಿಮಾಡು ಎಂದಹಾಗಾಗುತ್ತದೆ.

ಆಗ ನಾನು ಸೆಪ್ಟಿನ್ನುಗಳ ಕಥೆಯನ್ನು ಹೇಳುತ್ತೇನೆ. ಸೆಪ್ಟಿನ್ ಎಂಬುದು ಒಂದು ಬಗೆಯ ಪ್ರೋಟೀನು. ಅದಕ್ಕೆ ಸಂಬಂಧಪಟ್ಟ ಜೀನುಗಳಿಗೆ ವಿಜ್ಞಾನಿಗಳು ಸೆಪ್ಟ್-1, ಸೆಪ್ಟ್-2 ಎಂಬಂತೆ ಹೆಸರಿಟ್ಟಿದ್ದರು. ಮಾರ್ಚ್-1 ಎಂಬ ಜೀನೂ ಇತ್ತು. ಪ್ರಯೋಗಾಲಯದ ಗುಮಾಸ್ತಗಿರಿಯೆಲ್ಲ ಎಕ್ಸೆಲ್‌ನಲ್ಲಿ ನಡೆಯುತ್ತದಷ್ಟೆ. ಈ ಹೆಸರನ್ನು ಬರೆದ ಕೂಡಲೆ ಆ ಮಹಾಶಯ ತಾನಾಗಿಯೇ ಅದನ್ನು ಸೆಪ್ಟೆಂಬರ್ ಒಂದನೆಯ ತಾರೀಖು, ಮಾರ್ಚ್ ಒಂದನೆಯ ತಾರೀಖು ಎಂದು ಮಾಡಿಬಿಡುವನು. ಯಾರೂ ಕೇಳಿಲ್ಲ, ಅವನಿಗೆ ಅಷ್ಟು ಉಪಕಾರಬುದ್ಧಿ. ಈ ವಿಷಯವನ್ನು 2004ರಲ್ಲಿಯೇ ಬರೆದು ಎಚ್ಚರಿಸಿದ್ದರು. 2016ರಲ್ಲಿ ಲೆಕ್ಕ ತೆಗೆದು ನೋಡಿದರೆ, ಜೀನುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಲಗತ್ತಿಸಿದ ಸಂಶೋಧನ ಪ್ರಬಂಧಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಇಂಥ ತಪ್ಪು ಉಳಿದುಕೊಂಡಿತ್ತು. ಕೊನೆಗೆ ಹೆಸರನ್ನು ಬದಲಿಸಿಕೊಂಡವರು ಯಾರು? ಜೀನುಗಳು! 2020ರಲ್ಲಿ ಪ್ರಕಟವಾದ ಹೊಸ ನಿಯಮಗಳ ಪ್ರಕಾರ ಸೆಪ್ಟ್-1 ಎಂಬುದು ಸೆಪ್ಟಿನ್-1 ಆಯಿತು, ಮಾರ್ಚ್-1 ಎಂಬುದು ಮಾರ್ಚ್‌ಎಫ್-1 ಆಯಿತು. ಕೋಟ್ಯಂತರ ವರ್ಷಗಳಿಂದ ಜೀವಿಗಳಲ್ಲಿ ಹರಿದುಬಂದ ಜೀನು ಗುಮಾಸ್ತನ ಮುಂದೆ ಸೋತಿತು. 2023ರಲ್ಲಿ ಎಕ್ಸೆಲ್‌ನವರೂ ಈ ಅಭ್ಯಾಸವನ್ನು ನಿಲ್ಲಿಸುವುದಕ್ಕೆ ಒಂದು ಗುಂಡಿ ಇಟ್ಟರೆನ್ನಿ.

ಎಣಿಕೆಯ ಜಗಳ ಇನ್ನೊಂದು. ನಮ್ಮಲ್ಲಿ ಮಗುವಿನ ವಯಸ್ಸು ಕೇಳಿದರೆ ಅಜ್ಜಿ "ಹತ್ತು ನಡೀತಿದೆ" ಎನ್ನುತ್ತಾಳೆ, ಶಾಲೆಯ ದಾಖಲೆ "ಒಂಬತ್ತು ತುಂಬಿದೆ" ಎನ್ನುತ್ತದೆ. ಇಬ್ಬರೂ ಹೇಳುವುದು ಸತ್ಯ. ಜೀವಮಾಹಿತಿಯ ಕಡತಗಳಲ್ಲಿಯೂ ಈ ಎರಡು ಸಂಪ್ರದಾಯಗಳಿವೆ. ಬರಹದ ಮೊದಲ ಹತ್ತು ಅಕ್ಷರಗಳನ್ನು ಜಿಎಫ್‌ಎಫ್ ಎಂಬ ಬಗೆಯ ಕಡತದಲ್ಲಿ 1ರಿಂದ 10 ಎಂದು ಬರೆಯಬೇಕು. ಬೆಡ್ ಎಂಬ ಬಗೆಯದರಲ್ಲಿ 0ರಿಂದ 10 ಎಂದು ಬರೆಯಬೇಕು. ಅಜ್ಜಿಯ ಲೆಕ್ಕವನ್ನು ಶಾಲೆಯ ಲೆಕ್ಕವೆಂದು ಓದಿಕೊಂಡರೆ ಒಂದೇ ಒಂದು ಅಕ್ಷರ ಪಕ್ಕಕ್ಕೆ ಸರಿಯುತ್ತದೆ. ಆದರೆ ಜೀವಿಯ ಬರಹದಲ್ಲಿ ಪ್ರೋಟೀನಿನ ಪಾಠವನ್ನು ಮೂರು ಮೂರು ಅಕ್ಷರಗಳ ಕಟ್ಟಾಗಿ ಓದುವ ಪದ್ಧತಿ. ಒಂದು ಅಕ್ಷರ ಸರಿದರೆ ಮುಂದಿನ ಪಾಠವೆಲ್ಲ ಬೇರೆಯೇ ಆಗಿಬಿಡುತ್ತದೆ. ಅಗುಳಿ ಸರಿಯಿಲ್ಲದ ಬಾಗಿಲಿನಿಂದ ಏನೇನು ಒಳಗೆ ಬರಬಹುದೆಂಬುದು ಆಗ ಹುಡುಗರಿಗೆ ಸ್ವಲ್ಪ ಮನಸ್ಸಿಗೆ ಬರುತ್ತದೆ.

ದೊಡ್ಡ ಸಾಹಸದ ಕಥೆಗಳಿಲ್ಲವೆಂದಲ್ಲ. ಮನುಷ್ಯನ ಜೀನೋಮನ್ನು ಓದುವ ಸ್ಪರ್ಧೆ 2000ದಲ್ಲಿ ಮುಗಿಲು ಮುಟ್ಟಿದ್ದಾಗ, ಸರ್ಕಾರಿ ಪಕ್ಷದವರ ಕೈಯಲ್ಲಿ ಲಕ್ಷಾಂತರ ತುಂಡುಗಳಿದ್ದವು, ಜೋಡಿಸುವವರಿರಲಿಲ್ಲ. ಕ್ಯಾಲಿಫೋರ್ನಿಯದ ಸಾಂತಾಕ್ರೂಸ್‌ನಲ್ಲಿ ಜಿಮ್ ಕೆಂಟ್ ಎಂಬ ಸಂಶೋಧನ ವಿದ್ಯಾರ್ಥಿ ಸುಮಾರು ನಾಲ್ಕು ವಾರ ಹಗಲಿರುಳೂ ಬರೆದು, ನೋಯುವ ಮುಂಗೈಗೆ ಮಂಜುಗಡ್ಡೆ ಇಟ್ಟುಕೊಂಡು, ಆ ತುಂಡುಗಳನ್ನು ಹೊಲಿಯುವ ತಂತ್ರಾಂಶವನ್ನು ಮುಗಿಸಿದ. ಅದೇ ಜುಲೈ 7ರಂದು ಜೋಡಿಸಿದ ಬರಹ ಲೋಕಕ್ಕೆಲ್ಲ ಉಚಿತವಾಗಿ ತೆರೆಯಿತು. ಮೈ ಜುಮ್ಮೆನ್ನಿಸುವ ಕಥೆ. ಆದರೆ ಇದನ್ನು ನಾನು ಲೆಕ್ಕ ನೋಡಿ ಬಡಿಸುತ್ತೇನೆ. ಇದನ್ನು ಕೇಳಿದ ಹುಡುಗ ಮಂಜುಗಡ್ಡೆಯ ಮೇಲೆಯೇ ಕಣ್ಣಿಡುತ್ತಾನೆ. ಆ ಮನುಷ್ಯನಿಗೆ ಆಗ ನಲವತ್ತು ವರ್ಷ ವಯಸ್ಸಾಗಿತ್ತೆಂಬುದನ್ನೂ, ಅದಕ್ಕೆ ಮೊದಲು ವರ್ಷಗಟ್ಟಲೆ ಗಣಕದ ಕಾರ್ಯಕ್ರಮಗಳನ್ನು ಬರೆದು ಕೈ ಪಳಗಿಸಿಕೊಂಡಿದ್ದನೆಂಬುದನ್ನೂ ಮರೆತುಬಿಡುತ್ತಾನೆ. ಅದಕ್ಕಿಂತ ಬಯೋಪೈಥಾನಿನ ಇತಿಹಾಸ ನನಗೆ ಪಾಠಕ್ಕೆ ಹೆಚ್ಚು ಅನುಕೂಲ. ಜೀವಿಗಳ ವಂಶವೃಕ್ಷವನ್ನು ಓದಿ ಬರೆಯುವ ಅದರ ಭಾಗ, 2009ರ ಬೇಸಗೆಯಲ್ಲಿ ಒಬ್ಬ ವಿದ್ಯಾರ್ಥಿ ಒಂದೇ ಬಗೆಯ ಕಡತವನ್ನು ಓದಿಸಲು ಹೊರಟ ಕೆಲಸದಿಂದ ಬೆಳೆದದ್ದು. ಹುಡುಕಾಟದ ಬೇರೆ ಬೇರೆ ತಂತ್ರಾಂಶಗಳ ಫಲಿತಾಂಶವನ್ನು ಒಂದೇ ಕ್ರಮದಲ್ಲಿ ಓದುವ ಭಾಗ 2012ರ ಬೇಸಗೆಯ ಇನ್ನೊಬ್ಬ ವಿದ್ಯಾರ್ಥಿಯ ಕೆಲಸ. ಎರಡೂ ಇಂದಿಗೂ ಬಳಕೆಯಲ್ಲಿವೆ. ಯಾರೂ ಅಟ್ಟಕ್ಕೆ ಹಾಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ತಿಪಟೂರಿನ ಕಡೆಯ ಒಬ್ಬ ಹುಡುಗಿ ನನ್ನಲ್ಲಿಗೆ ಬಂದಳು. ಆಕೆ ಶೀರ್ಷಿಕೆಯನ್ನು ತಂದಿರಲಿಲ್ಲ. ಅದೇ ನನಗೆ ಆಶ್ಚರ್ಯ. "ಏನು ಮಾಡಬೇಕೆಂದಿದ್ದೀಯಮ್ಮ?" ಎಂದರೆ, "ನನ್ನಿಂದ ಆಗೋದು ಯಾವುದಾದರೂ ಸಾರ್" ಎಂದಳು. ಪಟ್ಟಿಯನ್ನು ಕೊಟ್ಟೆ. ತೆಗೆದುಕೊಂಡು ಹೋದಳು. ಆಕೆಗಿಂತ ಮೊದಲು ಮರಳಿ ಬಂದದ್ದು ಆಕೆಯ ತಂದೆ.

ಆತ ಊರಿನಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡವರು. ಕುತ್ತಿಗೆಗೆ ಹಾಕಿಕೊಳ್ಳುವ ಅಳತೆಯ ಟೇಪು ಅಂದು ಇರಲಿಲ್ಲವಾದರೂ, ಅದಿಲ್ಲದ್ದು ಆತನಿಗೇ ಒಂದು ಬಗೆಯ ಸಂಕೋಚವನ್ನುಂಟುಮಾಡಿದಂತಿತ್ತು; ಕೈ ಮತ್ತೆ ಮತ್ತೆ ಹೆಗಲಿಗೆ ಹೋಗುತ್ತಿತ್ತು. ಎಷ್ಟು ಹೇಳಿದರೂ ಕುರ್ಚಿಯ ಅಂಚಿನಲ್ಲಿಯೇ ಕುಳಿತರು.

"ಮೇಷ್ಟ್ರೇ, ಎಂಟು ಸಾವಿರಕ್ಕೆ ಬೆಂಗ್ಳೂರಲ್ಲಿ ಕೊಡ್ತಾರಂತೆ, ಬೈಂಡು ಗಿಂಡು ಎಲ್ಲಾ ಮಾಡಿ. ನಮ್ ಹುಡುಗಿ ಬ್ಯಾಡ ಅಂತಾಳೆ. ದುಡ್ಡಿಗೆ ನೋಡ್ತಾ ಅವಳೆ. ಅವಳ ಸ್ನೇಹಿತರೆಲ್ಲ ತಂದವ್ರೆ. ನೀವು ಒಂದ್ಮಾತು ಹೇಳಿ, ದುಡ್ಡು ನಾನು ಹೊಂದಿಸ್ತೀನಿ."

ಎಂಟು ಸಾವಿರ ಎಂದರೆ ಎಷ್ಟು ರವಿಕೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಲೆಕ್ಕ ಹಿತವಾಗಿರಲಿಲ್ಲ. ಅವಳು ಮಾಡಹೊರಟಿರುವುದು ಏನೆಂದು ನನಗೆ ತಿಳಿದ ಮಟ್ಟಿಗೆ ವಿವರಿಸಿದೆ: ಯಾರೋ ಬರೆದಿಟ್ಟ ಒಂದು ಉಪಕರಣವಿದೆ, ಲೋಕದಲ್ಲಿ ಹಲವರು ಬಳಸುತ್ತಾರೆ, ಅದರಲ್ಲಿ ಎಲ್ಲಿಯಾದರೂ ಹೊಲಿಗೆ ಬಿಟ್ಟಿದ್ದರೆ ಹುಡುಕಿ ಸರಿಮಾಡುವುದು, ಎಂದು. ಆತನ ಮುಖ ಮೊದಲ ಸಲ ಅರಳಿತು.

"ಅಂದ್ರೆ ಆಲ್ಟ್ರೇಷನ್ನು ಅನ್ನಿ."

"ಹೌದು, ಅದೇ."

"ಅದು ಕಷ್ಟದ ಕೆಲಸ ಸಾಮಿ. ಹೊಸ ಬಟ್ಟೆ ಯಾರಾದ್ರೂ ಕತ್ತರಿಸ್ತಾರೆ. ಇನ್ನೊಬ್ಬ ಹೊಲ್ದಿದ್ನ ಬಿಚ್ಚಿ, ಬಟ್ಟೆ ಹರೀದಂಗೆ, ಅವನ ಗೆರೆ ಎಲ್ಲಿ ಹೋಗೈತೆ ನೋಡ್ಕೊಂಡು ಸರಿ ಮಾಡಬೇಕಲ್ಲ, ಅದಕ್ಕೆ ನಾನು ಹುಡುಗ್ರನ್ನ ಕೂರಿಸಲ್ಲ. ನಾನೇ ಕೂತ್ಕೋತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರ್ಕ್ಸು ಬತ್ತದಾ?" ಎಂದರು.

ಬರುತ್ತದೆಂದು ನಾನು ಮಾತು ಕೊಡಲಿಲ್ಲ. ಪಾಸಾಗುವುದಕ್ಕೆ ತೊಂದರೆಯಿಲ್ಲ ಎಂದು ಮಾತ್ರ ಹೇಳಿದೆ. ಆತ ಎದ್ದು ಹೋದರು.

ಆಕೆ ಆರಿಸಿಕೊಂಡದ್ದು ಒಂದು ಸಣ್ಣ ಉಪಕರಣ. ಪ್ರಸಿದ್ಧವಾದುದಲ್ಲ, ಹೆಸರು ಬೇಡ. ಫಾಸ್ಟಾ ಎಂಬ ಬಗೆಯ ಕಡತವನ್ನು ಓದಿ, ಅದರಲ್ಲಿರುವ ಒಂದೊಂದು ಅಕ್ಷರಕ್ರಮಕ್ಕೂ ಒಂದಿಷ್ಟು ಲೆಕ್ಕ ಕೊಡುವುದು ಅದರ ಕೆಲಸ. ಫಾಸ್ಟಾ 1980ರ ದಶಕದಲ್ಲಿ ಬಳಕೆಗೆ ಬಂದ ಕ್ರಮ, ಬಹಳ ಸಾದಾ. ಬಾಣದ ಮೊನೆಯಂಥ ಒಂದು ಗುರುತು ಹಾಕಿ ಹೆಸರು ಬರೆಯುವುದು. ಕೆಳಗಿನ ಸಾಲಿನಿಂದ ಅಕ್ಷರಗಳು. ಮತ್ತೆ ಬಾಣ ಬಂದರೆ ಬೇರೊಂದು ಆರಂಭವಾಯಿತೆಂದು ಅರ್ಥ. ಮೂರನೆಯ ವಾರ ಆಕೆ ಬಂದು ಹೇಳಿದಳು: "ಸಾರ್, ಹದಿನಾಲ್ಕು ಕೊಟ್ಟೆ. ಹದಿಮೂರೇ ಬಂತು."

"ಎಣಿಸಿದೆಯಾ?"

"ಅಪ್ಪ ಬಟ್ಟೆ ತಗೊಳ್ಳುವಾಗ ಎಣಿಸಿ ತಗೋತಾರೆ, ಕೊಡುವಾಗ ಎಣಿಸಿ ಕೊಡ್ತಾರೆ ಸಾರ್. ಅಭ್ಯಾಸ."

ಕಾರಣ ಹುಡುಕಲು ಇನ್ನೆರಡು ವಾರ ಹಿಡಿಯಿತು. ಕಡತದ ಕಟ್ಟಕಡೆಯ ಸಾಲನ್ನು ಬರೆದವರು, ಬರೆದಾದ ಮೇಲೆ ಎಂಟರ್ ಗುಂಡಿಯನ್ನು ಒತ್ತದೆ ಹಾಗೆಯೇ ಮುಚ್ಚಿದ್ದರೆ, ಆ ಉಪಕರಣ ಕೊನೆಯ ಅಕ್ಷರಕ್ರಮವನ್ನು ಸದ್ದಿಲ್ಲದೆ ಕೈಬಿಡುತ್ತಿತ್ತು. ಗದ್ದಲ ಮಾಡಿ ನಿಂತುಹೋಗಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಇದು ನಿಲ್ಲುತ್ತಿರಲಿಲ್ಲ, ಕೆಲಸ ಚೆನ್ನಾಗಿ ಮುಗಿಯಿತೆಂದು ಹೇಳಿಯೇ ಮುಗಿಸುತ್ತಿತ್ತು.

ಆಕೆ ಮೂರು ಸಾಲು ತಿದ್ದಿದಳು. ತಿದ್ದುಪಡಿಯನ್ನು ಆ ಉಪಕರಣದ ಪಾಲಕರಿಗೆ ಕಳುಹಿಸಿದಳು. ಅವರು ಸಮುದ್ರದಾಚೆ ಎಲ್ಲಿಯೋ ಇರುವವರು, ಮುಖ ನೋಡಿದವರಲ್ಲ. ಒಂಬತ್ತು ದಿನ ಉತ್ತರವಿಲ್ಲ. ಈ ಒಂಬತ್ತು ದಿನವೂ ಬೆಳಗ್ಗೆ ಕಾಲೇಜಿನ ಮೆಟ್ಟಿಲ ಬಳಿ ಆಕೆ ನನ್ನ ಮುಖ ನೋಡುವಳು, ನಾನು ಆಕೆಯ ಮುಖ ನೋಡುವೆನು. ಹತ್ತನೆಯ ದಿನ ಉತ್ತರ ಬಂತು. ಉಪಕಾರವಾಯಿತು; ಆದರೆ ಇದಕ್ಕೊಂದು ಪರೀಕ್ಷೆ ಬರೆದು ಕಳುಹಿಸು; ಆ ಪರೀಕ್ಷೆ ನಿನ್ನ ತಿದ್ದುಪಡಿಗೆ ಮೊದಲು ಸೋಲಬೇಕು, ತಿದ್ದುಪಡಿಯ ನಂತರ ಗೆಲ್ಲಬೇಕು, ಎಂಬ ಅರ್ಥದ ನಾಲ್ಕು ಮಾತು. ಪರೀಕ್ಷೆ ಎಂದರೆ ವಿದ್ಯಾರ್ಥಿಗಳಿಗಲ್ಲ, ತಂತ್ರಾಂಶಕ್ಕೆ. ಹದಿನಾಲ್ಕು ಕೊಟ್ಟರೆ ಹದಿನಾಲ್ಕೂ ಬರುತ್ತವೆಯೇ ಎಂದು ಗಣಕವೇ ನೋಡಿ ಹೇಳುವ ಸಣ್ಣ ಬರವಣಿಗೆ. ಇನ್ನು ಮುಂದೆ ಆ ಉಪಕರಣವನ್ನು ಯಾರು ಎಲ್ಲಿ ಮುಟ್ಟಿದರೂ ಈ ಪರೀಕ್ಷೆ ಮತ್ತೆ ನಡೆಯುತ್ತದೆ. ಹಳೆಯ ತಪ್ಪು ಮರಳಿ ಬಂದರೆ ಕೂಗಿ ಹೇಳುತ್ತದೆ. ಆಕೆ ಹನ್ನೊಂದು ಸಾಲಿನ ಪರೀಕ್ಷೆ ಬರೆದಳು. ಅವರು ಮತ್ತೆ ಎರಡು ಕಡೆ ತಿದ್ದಿಸಿದರು. ಕೊನೆಗೆ ಒಪ್ಪಿಕೊಂಡರು. ಈಗ ಬೇರೆ ಬೇರೆ ಊರುಗಳಿಂದ ಯಂತ್ರದ ಕೈಯಲ್ಲೇ ಬರೆಸಿ, ತಾವೂ ಓದದೆ ಕಳುಹಿಸುವ ತಿದ್ದುಪಡಿಗಳ ರಾಶಿಯಲ್ಲಿ ಇಂಥ ಪಾಲಕರು ಮುಳುಗುತ್ತಿರುವುದನ್ನು ಕೇಳಿದಾಗ, ಅಂದು ಆ ನಾಲ್ಕು ಮಾತು ಬರೆಯಲು ಅವರಿಗೆ ಹೊತ್ತು ಸಿಕ್ಕಿದ್ದೇ ನಮ್ಮ ಪುಣ್ಯವೆನಿಸುತ್ತದೆ.

ಮೌಖಿಕ ಪರೀಕ್ಷೆಗೆ ಪರಸ್ಥಳದಿಂದ ಇಬ್ಬರು ಪರೀಕ್ಷಕರು ಬಂದಿದ್ದರು. ಆಕೆಯ ವರದಿ ಇಪ್ಪತ್ತೆರಡು ಪುಟ. ಪಕ್ಕದಲ್ಲಿದ್ದ ರೆಕ್ಸಿನ್ ಸಂಪುಟಗಳ ಮುಂದೆ ಅದು ಮದುವೆಮನೆಯಲ್ಲಿ ನಿಂತ ಬಡನಂಟನಂತೆ ಕಾಣುತ್ತಿತ್ತು. ಹಿರಿಯ ಪರೀಕ್ಷಕರು ಅದನ್ನು ಎರಡು ಬೆರಳಿನಿಂದ ಎತ್ತಿ ನೋಡಿ ಕೇಳಿದರು:

"ಇದರಲ್ಲಿ ನೀನು ಕಂಡುಹಿಡಿದದ್ದೇನು?"

"ಒಂದು ತಪ್ಪು ಸಾರ್."

"ಯಾರ ತಪ್ಪು?"

"ಉಪಕರಣದ್ದು. ಕೊನೇದೊಂದು ಬಿಟ್ಟುಹೋಗ್ತಿತ್ತು."

"ಹದಿನಾಲ್ಕರಲ್ಲಿ ಒಂದು ಬಿಟ್ಟುಹೋದರೆ ಏನಾಯಿತು?"

ಆಕೆ ಸ್ವಲ್ಪ ತಡೆದಳು. "ಅದು ಯಾರದ್ದು ಅನ್ನೋದರ ಮೇಲೆ ಹೋಗುತ್ತೆ ಸಾರ್," ಎಂದಳು.

ಕಿರಿಯ ಪರೀಕ್ಷಕರು ತಲೆಯೆತ್ತಿ ನೋಡಿದರು. ಹಿರಿಯರು ಮುಂದಿನ ಹೆಸರನ್ನು ಕೂಗಿಸಿದರು. ಆಕೆಗೆ ನೂರಕ್ಕೆ ಅರವತ್ತೊಂದು ಬಂತು. ಕ್ಯಾನ್ಸರನ್ನು ಗುಣಪಡಿಸಿದವನಿಗೆ ಎಂಬತ್ತೆಂಟು. ಇದರ ಬಗ್ಗೆ ನನಗೆ ಸಮಾಧಾನವಿಲ್ಲ. ಅಂಕ ಕೊಡುವ ಕೋಷ್ಟಕದಲ್ಲಿ 'ನಾವೀನ್ಯ'ಕ್ಕೆ ಒಂದು ಅಂಕಣವಿದೆ, 'ನಿರೂಪಣೆ'ಗೆ ಒಂದು ಅಂಕಣವಿದೆ. 'ಇದನ್ನು ಬೇರೆ ಯಾರಾದರೂ ಬಳಸಿದರೇ?' ಎಂಬುದಕ್ಕೆ ಅಂಕಣವಿಲ್ಲ. ಆ ಕೋಷ್ಟಕವನ್ನು ಬದಲಿಸಬೇಕೆಂದು ಮೂರು ಸಭೆಗಳಲ್ಲಿ ಹೇಳಿದ್ದೇನೆ. ಮೂರು ಸಭೆಗಳ ನಡವಳಿಯಲ್ಲಿಯೂ 'ಚರ್ಚಿಸಲಾಯಿತು' ಎಂದು ದಾಖಲಾಗಿದೆ.

ಮರುವರ್ಷ ಆಕೆ ಬೇಸಗೆಯ ಕಾರ್ಯಕ್ರಮಕ್ಕೂ ಅರ್ಜಿ ಹಾಕಿದಳು. ಆಯ್ಕೆಯಾಗಲಿಲ್ಲ. ಬಾಗಿಲು ಒಂದು, ಬಡಿಯುವವರು ಸಾವಿರ. ಅಂಥ ನಿರಾಶೆಯಾದಾಗ ಅಧ್ಯಾಪಕರು ಹೇಳುವ ಮಾತುಗಳು ನನ್ನಲ್ಲಿಯೂ ಸಿದ್ಧವಾಗಿದ್ದವು. ಆಕೆ ಕೇಳಲು ಬರಲಿಲ್ಲ, ನಾನೂ ಹೇಳಲಿಲ್ಲ. ಕೆಲವು ತಿಂಗಳ ಮೇಲೆ ಬೆಂಗಳೂರಿನಲ್ಲಿ ಒಂದು ರೋಗಪರೀಕ್ಷಾಲಯದಲ್ಲಿ ಕೆಲಸ ಸಿಕ್ಕಿತೆಂದು ಆಕೆಯ ತಂದೆಯೇ ಫೋನು ಮಾಡಿ ತಿಳಿಸಿದರು.

ಅಂದಿನಿಂದ ನಾನೂ ನನ್ನದೇ ಒಂದು ಪಟ್ಟಿಯನ್ನು ಬರೆದು ವಿಭಾಗದ ಗೋಡೆಗೆ ಅಂಟಿಸಿದ್ದೇನೆ. ನಮ್ಮ ನೆಲದ ಕೆಲಸಗಳನ್ನೇ ಅದರಲ್ಲಿ ಸೇರಿಸುವುದು ನನ್ನ ಹಟ. ಉದಾಹರಣೆಗೆ ರಾಗಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಮುಂದಾಗಿ ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನು ಓದಿ 2017ರಲ್ಲಿ ಪ್ರಕಟಿಸಿದರು. ರಾಗಿಯದು ವಿಚಿತ್ರ ಸಂಸಾರ: ಎರಡು ಪೂರ್ವಜ ಸಸ್ಯಗಳ ಬರಹ ಒಂದೇ ಗಿಡದಲ್ಲಿ ಸೇರಿಕೊಂಡಿದೆ, ಎರಡು ಮನೆತನಗಳ ಪತ್ರಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿಟ್ಟಹಾಗೆ. ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉಪಕರಣಗಳು ಇಲ್ಲಿ ಎಡವುವ ಸಂಭವ ಹೆಚ್ಚು. ಎಲ್ಲಿ ಎಡವುತ್ತವೆ, ಎಷ್ಟು ಎಡವುತ್ತವೆ ಎಂದು ಒಂದೊಂದಾಗಿ ಪರೀಕ್ಷಿಸಿ ಬರೆದರೆ ಅದು ಒಂದು ಪ್ರಾಜೆಕ್ಟು. ರಾಮಚಂದ್ರನ್ ನಕ್ಷೆ ಇನ್ನೊಂದು. ಜಿ. ಎನ್. ರಾಮಚಂದ್ರನ್ನರು ಸಂಗಡಿಗರೊಂದಿಗೆ ಮದರಾಸಿನಲ್ಲಿ 1963ರಲ್ಲಿ ಪ್ರಕಟಿಸಿದ ಆ ನಕ್ಷೆ, ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ಮಡಿಸಿಕೊಳ್ಳಬಲ್ಲುದು, ಯಾವುದರಲ್ಲಿ ಮಡಿಸಿಕೊಳ್ಳಲಾರದು ಎಂಬುದನ್ನು ತೋರಿಸುತ್ತದೆ. ಅವರೇ 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಬಯೋಪೈಥಾನಿನಿಂದ ಆ ಕೋನಗಳನ್ನು ಲೆಕ್ಕ ಹಾಕಬಹುದು. ಹೊಸಬನಿಗೆ ಅರ್ಥವಾಗುವ ಹಾಗೆ, ಚಿತ್ರಸಹಿತವಾಗಿ, ಕನ್ನಡದಲ್ಲಿ ಅದರ ಕ್ರಮವನ್ನು ಬರೆದರೆ ಅದೂ ಒಂದು ಪ್ರಾಜೆಕ್ಟು. ಅಜ್ಜಿಯ ಲೆಕ್ಕ ಶಾಲೆಯ ಲೆಕ್ಕಗಳನ್ನು ಬೆರೆಸಿದ ಕಡತವನ್ನು ಕಂಡು ಎಚ್ಚರಿಸುವುದು ಮತ್ತೊಂದು. ತಂತ್ರಾಂಶಗಳು ತಪ್ಪು ಕಂಡಾಗ ಸಿಡುಕುವ ರೀತಿಯನ್ನು ತಿದ್ದಿ, ಏನು ತಪ್ಪಾಯಿತು, ಎಷ್ಟನೆಯ ಸಾಲಿನಲ್ಲಿ ಆಯಿತು ಎಂದು ಮರ್ಯಾದೆಯಿಂದ ಹೇಳುವಂತೆ ಮಾಡುವುದು ಇನ್ನೂ ಒಂದು. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಬಹಳ ಪ್ರಿಯವಾದುದು. ಪಟ್ಟಿಯಲ್ಲಿ ಹದಿನೇಳು ಇವೆ. ಕಳೆದ ವರ್ಷ ನಾಲ್ವರು ಅದರಿಂದ ಆರಿಸಿಕೊಂಡರು. ಮಿಕ್ಕವರು ಬೆಂಗಳೂರಿನ ಬಸ್ಸು ಹತ್ತಿದರು.

ಮೊನ್ನೆ ಯುಗಾದಿಯ ಮರುದಿನ ಆ ಹುಡುಗಿಯಿಂದ ಸಂದೇಶ ಬಂತು. ಹಳೆಯ ಉಪಕರಣವನ್ನು ಆಗಾಗ ಹೋಗಿ ನೋಡುವ ಅಭ್ಯಾಸ ಆಕೆಗೆ ಇನ್ನೂ ಇದೆಯಂತೆ. ಯಾರೋ ಬಂದು ಕಡತ ಓದುವ ಭಾಗವನ್ನು ಬುಡದಿಂದ ಬೇರೆ ಬರೆದಿದ್ದಾರೆ, ಈಗ ಮೊದಲಿಗಿಂತ ವೇಗವಾಗಿ ಓಡುತ್ತದೆ, ಬರೆದದ್ದು ಚೆನ್ನಾಗಿದೆ ಎಂದು ತಿಳಿಸಿದ್ದಳು. ಕೆಳಗೆ ಬೇರೆ ಸಾಲಿನಲ್ಲಿ ಹೀಗಿತ್ತು: "ನನ್ನ ಮೂರು ಸಾಲು ಹೋಯಿತು ಸಾರ್. ಪರೀಕ್ಷೆ ಇಟ್ಟುಕೊಂಡಿದ್ದಾರೆ. ಹದಿನಾಲ್ಕೂ ಬರ್ತಿದೆ, ಎಣಿಸಿದೆ."